ಒಂದು ಹಿಡಿ ಪುಟಾಣಿ

ಬಸ್ಸು ದೊಡ್ಡಬಾತಿ ದಾಟುತ್ತಿದ್ದಾಗ ರೇವತಿ ಬಲಗೈಯನ್ನು ಮೂಗಿನ ಹತ್ತಿರ ತಂದು, ಮೇಲ್ತುಟಿಯ ಬೆವರು ಒರೆಸಿಕೊಳ್ಳುವವಳ ಹಾಗೆ ಮಾಡಿ ವಾಸನೆ ನೋಡಿದಳು. ಶೇಂಗಾದ ವಾಸನೆ ಹೋಗಿರಲಿಲ್ಲ. ಹೊರಡುವ ಮುಂಚೆ ಹಿತ್ತಿಲ ನಲ್ಲಿಯ ಕೆಳಗೆ ಬಟ್ಟೆ ಸೋಪು ಹಚ್ಚಿ ತಿಕ್ಕಿ ತೊಳೆದಿದ್ದಳು. ಈಗ ಮೇಲೆ ಸೋಪಿನ ವಾಸನೆ, ಅದರ ಕೆಳಗೆ ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಯಾವತ್ತೂ ಇರುವ ವಾಸನೆಯೇ. ಆನಗೋಡಿಗೆ ಹೋದಾಗ ಅವ್ವ ದುರುಗಮ್ಮ, ‘ನೀ ಬಾಗ್ಲಿಗೆ ಬರೋಕ್ ಮುಂಚೆ ನಿನ್ ವಾಸನಿ ಬರ್ತೈತೆ ನೋಡು’ ಎಂದು ನಗುತ್ತಿದ್ದಳು. ಮಗಳು ಹೊಟ್ಟೆಗೆ ಕೊರತೆಯಿಲ್ಲದ ಕಡೆ ಕೆಲಸಕ್ಕಿದ್ದಾಳೆ ಎಂಬ ಸಮಾಧಾನ ಆ ನಗುವಿನಲ್ಲಿತ್ತು. ಇವತ್ತು ಮಾತ್ರ ಆ ವಾಸನೆ ಬಸ್ಸಿನ ತುಂಬ ಹರಡಿ, ಎಲ್ಲರೂ ತಿರುಗಿ ತನ್ನನ್ನೇ ನೋಡುತ್ತಾರೆ ಅನ್ನಿಸಿ ಅವಳು ಕೈಯನ್ನು ತೊಡೆಯ ಮೇಲಿದ್ದ ಚೀಲದ ಕೆಳಗೆ ಸೇರಿಸಿದಳು. ಯಾರೂ ನೋಡುತ್ತಿರಲಿಲ್ಲ. ಆಗಲೇ ನೋಡಿ ಮುಗಿಸಿದ್ದರು. ಬಸ್‌ಸ್ಟ್ಯಾಂಡ್ ಬಿಡುವಾಗ ಕಂಡಕ್ಟರ್ ಎಲ್ಲಿಗೆ ಅಂದಾಗ ಅವಳು ಹರಿಹರ ಅಂದಿದ್ದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಅಂದಳು. ‘ಬಾಯಾಗ ಏನ್ ಇಟ್ಕಂಡೀಯವ್ವಾ? ಪುಕ್ಕಟೆ ಟಿಕೀಟಿಗೆ ಇಷ್ಟ್ ನಾಚ್ಕಂಡ್ರೆ, ದುಡ್ಡು ಕೊಡೋ ಗಂಡಸರು ಎಷ್ಟ್ ನಾಚ್ಕಬೇಕು?’ ಎಂದು ಅವನು ಜೋರಾಗಿ ಹೇಳಿದಾಗ ಹಿಂದಿನ ಸೀಟಿನವರು ನಕ್ಕಿದ್ದರು. ದಿನಾ ಕೇಳುವ ಒಂದು ಊರಿನ ಹೆಸರೇ ತನ್ನ ಬಾಯಿಂದ ಹೊರಗೆ ಬರುವುದಿಲ್ಲ. ಹಾಗಿದ್ದ ಮೇಲೆ ಆ ಇನ್ನೊಂದು ಮಾತು ಹೇಗೆ ಬರುತ್ತದೆ?

ಚೀಲದಲ್ಲಿ ಅಗಸೆ ಚಟ್ನಿಪುಡಿಯ ಪಾಕೀಟುಗಳಿದ್ದವು. ಒಂದೊಂದರ ಮೇಲೂ ಹಸಿರು ದುಂಡು ಚೀಟಿ: ‘ಶೇಂಗಾ ಇಲ್ಲ. ಮಕ್ಕಳಿಗೆ ಸುರಕ್ಷಿತ.’ ಚೀಟಿಗಳನ್ನು ಅಂಟಿಸುವವಳು ಅವಳೇ. ಸೊಟ್ಟ ಹೋಗದ ಹಾಗೆ, ಗಾಳಿಗುಳ್ಳೆ ನಿಲ್ಲದ ಹಾಗೆ, ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಸವರಿ ಅಂಟಿಸುತ್ತಾಳೆ. ‘ನಮ್ ರೇವತಿ ಕೈ ನೋಡ್ರಿ, ಮಷಿನ್ನಾಗ ಹೊಡ್ದಂಗೆ’ ಎಂದು ಪುಡಿ ಮಾಡಿಸಿ ಮಾರುವ ಒಡತಿ ದ್ರಾಕ್ಷಾಯಣಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದರು. ಚೀಟಿ ಮಾಡಿಸಿಕೊಂಡು ಬಂದವನು ಅವರ ಮಗ ಮಹಾಂತೇಶ್. ನಿಜಲಿಂಗಪ್ಪ ಬಡಾವಣೆಯ ಒಂದು ಅಂಗಡಿಯವರು, ಈಗಿನ ಮಕ್ಕಳಿಗೆ ಶೇಂಗಾ ಆಗಿಬರುವುದಿಲ್ಲವಂತೆ, ತಾಯಂದಿರು ಕೇಳುತ್ತಾರೆ, ಅಂಥ ಪುಡಿ ಇದ್ದರೆ ಕೊಡಿ ಅಂದಿದ್ದರಂತೆ. ‘ಅಗಸೆ ಪುಡಿಗೆ ನಾವು ಶೇಂಗಾ ಹಾಕಲ್ಲ ಅಲ್ಲೇನಮ್ಮಾ?’ ಎಂದು ಅವನು ಕೇಳಿದ. ‘ಹಾಕಲ್ಲಪ್ಪಾ’ ಎಂದರು ಅವರು. ‘ಹಾಕಲ್ಲ ಅಂದ್ಮೇಲೆ ಇಲ್ಲ. ಇಲ್ಲ ಅಂದ್ಮೇಲೆ ಬರ್ಕೊಳ್ಳಾಕೇನು?’ ಅವನ ಮಾತಿನಲ್ಲಿ ಮೋಸವಿರಲಿಲ್ಲ. ರೇವತಿಗೂ ಆಗ ಏನೂ ಅನ್ನಿಸಲಿಲ್ಲ. ಶೇಂಗಾ ಯಾರಿಗಾದರೂ ಆಗದೆ ಇರುತ್ತದೆಯೇ? ಆನಗೋಡಿನಲ್ಲಿ ಹೊಲದಿಂದ ಕಿತ್ತ ಹಸಿ ಬಳ್ಳಿಯಿಂದಲೇ ಬಿಡಿಸಿಕೊಂಡು ತಿಂದು ಬೆಳೆದವಳು ಅವಳು. ದೊಡ್ಡವರ ಮಕ್ಕಳಿಗೆ ಏನೇನೋ ಆಗಿಬರುವುದಿಲ್ಲ ಅಂದುಕೊಂಡು, ಹಸಿರು ಚೀಟಿಯ ಹಿಂದಿನ ಹಾಳೆ ಸುಲಿದಿದ್ದಳು.

ಬೆಳಗ್ಗೆ ಶೇಂಗಾ ಚಟ್ನಿಪುಡಿ ಮುಗಿದಿತ್ತು. ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ದ್ರಾಕ್ಷಾಯಣಮ್ಮನ ಮನೆ, ಮನೆಯ ಹಿತ್ತಿಲಲ್ಲಿ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಪುಡಿ ಮಾಡುವ ಒಂದೇ ಮಷಿನ್. ಒಂದು ಪುಡಿಯಿಂದ ಇನ್ನೊಂದು ಪುಡಿಗೆ ಹೋಗುವಾಗ ಅದಕ್ಕೆ ನೀರು ಮುಟ್ಟಿಸುವ ಹಾಗಿಲ್ಲ, ಚೂರು ತೇವ ಉಳಿದರೂ ಪುಡಿ ಮುಗ್ಗಲು ಹಿಡಿಯುತ್ತದೆ. ಅದಕ್ಕೆ ಒಂದು ಹಿಡಿ ಪುಟಾಣಿ ಹಾಕಿ ತಿರುಗಿಸುವುದು. ‘ಮಷಿನ್ ಬಾಯಿ ಮುಕ್ಕಳಿಸ್ಲಿ’ ಎನ್ನುವುದು ದ್ರಾಕ್ಷಾಯಣಮ್ಮನ ಮಾತು. ಹುರಿಗಡಲೆಯ ಹಿಟ್ಟು ಒಳಗೆ ಅಂಟಿಕೊಂಡದ್ದನ್ನೆಲ್ಲ ಎಳೆದುಕೊಂಡು, ಬಂಗಾರದ ಬಣ್ಣ ಮಾಸಿ, ಎಣ್ಣೆಜಿಡ್ಡಾಗಿ ಹೊರಗೆ ಬೀಳುತ್ತದೆ. ಆ ಹಿಟ್ಟನ್ನು ಚೆಲ್ಲುವುದಿಲ್ಲ, ಮುಂದಿನ ಪುಡಿಗೆ ಕಲಸಿಬಿಡುವುದು. ಅವರ ಅತ್ತೆ ಒರಳಿನಲ್ಲಿ ಕುಟ್ಟುತ್ತಿದ್ದಾಗಲೂ ಹಾಗೆಯೇ ಮಾಡುತ್ತಿದ್ದರಂತೆ. ಇಷ್ಟು ವರ್ಷ ರೇವತಿಯೂ ಹಾಗೆಯೇ ಮಾಡಿದ್ದಳು. ಕೈ ತಾನಾಗಿ ಮಾಡುತ್ತಿತ್ತು. ಇವತ್ತು ಮಾತ್ರ ಆ ಹಿಟ್ಟನ್ನು ಹಳೆಯ ಪೇಪರಿನಲ್ಲಿ ಹಿಡಿದು, ಮಡಚಿ, ಗೋಡೆಯ ಬುಡದಲ್ಲಿ ಇಟ್ಟಿದ್ದಳು. ಯಾವುದಾದರೂ ದನಕ್ಕೆ ಹಾಕಿದರಾಯಿತು ಎಂದುಕೊಂಡಿದ್ದಳು. ದ್ರಾಕ್ಷಾಯಣಮ್ಮನ ಕಣ್ಣಿಗೆ ಏನೂ ತಪ್ಪುವುದಿಲ್ಲ. ‘ಇದೇನವ್ವಾ ಇಲ್ಲಿ?’ ಎಂದರು. ‘ಅದು ಶೇಂಗಾ...’ ಎಂದಳು ರೇವತಿ. ‘ಶೇಂಗಾ ಎಲ್ಲಿಂದ ಬಂತೇ ಹುಚ್ಚಿ, ಪುಟಾಣಿ ಅಲ್ಲೇನು ಅದು? ಉಣ್ಣೋ ಪದಾರ್ಥ ಗೋಡಿ ಮೂಲಿಗೆ ಹಾಕ್ತಾರೇನು?’ ಸಿಟ್ಟಿಲ್ಲದೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿ, ಬಳೆ ಮೇಲಕ್ಕೆ ಸರಿಸಿಕೊಂಡು, ಪೇಪರ್ ಬಿಚ್ಚಿ ಅಗಸೆ ಪುಡಿಯ ಬುಟ್ಟಿಗೆ ಸುರಿದು ತಮ್ಮ ಕೈಯಿಂದಲೇ ಕಲಸಿದರು. ‘ಒಂದ್ ಹಿಡಿ. ಅದ್ರಾಗ ಏನ್ ಐತೆ.’ ರೇವತಿ ನೋಡುತ್ತ ನಿಂತಿದ್ದಳು. ಕಪ್ಪುಗೆಂಪು ಪುಡಿಯಲ್ಲಿ ಆ ಹಿಟ್ಟು ಮೊದಲು ಮಾಸಲು ಹಳದಿ ಗೆರೆಯಾಗಿ, ಆಮೇಲೆ ಚುಕ್ಕೆಯಾಗಿ, ಕೊನೆಗೆ ಏನೂ ಇಲ್ಲವಾಯಿತು.

ಅದ್ರಾಗ ಏನ್ ಐತೆ. ಬಸ್ಸಿನ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ಲೋಟ ಒಳಗಿನ ಲೋಟಗಳ ಜೊತೆ ನಲ್ಲಿಯ ಕೆಳಗೆ ಬಿದ್ದಿತ್ತು. ಅವಳ ಲೋಟ ಹಿತ್ತಿಲ ಕಿಟಕಿಯ ಕಟ್ಟೆಯ ಮೇಲೆ ಇರುವುದು, ತಳಕ್ಕೆ ಮೊಳೆಯಿಂದ ಗೀಚಿದ ಗುರುತಿರುವುದು. ಚಹಾ ಸುರಿಯುವಾಗ ಪಾತ್ರೆಯ ತುಟಿ ಲೋಟಕ್ಕೆ ತಾಗದ ಹಾಗೆ ಮೇಲಿನಿಂದ ಸುರಿಯುತ್ತಾರೆ. ಅವತ್ತು ತೊಳೆಯುವ ಅವಸರದಲ್ಲಿ ಎಲ್ಲ ಒಂದೇ ಬುಟ್ಟಿಗೆ ಸೇರಿದ್ದವು. ದ್ರಾಕ್ಷಾಯಣಮ್ಮ ಬಯ್ಯಲಿಲ್ಲ. ಒಳಗಿನ ಲೋಟಗಳನ್ನು ಒಂದೊಂದಾಗಿ ಆರಿಸಿ, ಹುಣಸೆಹಣ್ಣು ಹಚ್ಚಿ, ಬೂದಿ ಹಚ್ಚಿ, ಕುದಿಯುವ ನೀರು ಹಾಕಿ, ಬಿಸಿಲಿಗೆ ಬೋರಲು ಇಟ್ಟರು. ‘ಬೇಜಾರ್ ಮಾಡ್ಕಬ್ಯಾಡ ತಾಯಿ. ನಮ್ಮತ್ತಿ ಕಾಲದ್ದು, ಬಿಡಾಕ್ ಆಗಲ್ಲ’ ಎಂದರು. ಆವತ್ತಿನ ಚಹಾಕ್ಕೆ ಹಾಲು ಜಾಸ್ತಿ ಹಾಕಿದ್ದರು. ದುರುಗಮ್ಮನಿಗೆ ಜ್ವರ ಬಂದಾಗ ಆಟೋ ಮಾಡಿಕೊಂಡು ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೂತವರೂ ಅವರೇ. ಕೆಟ್ಟವರಾಗಿದ್ದರೆ ಸುಲಭವಿತ್ತು. ಅವಳ ಕೈ ಕಲಸಿದ ಪುಡಿಯನ್ನು ದಾವಣಗೆರೆ ಪೂರ್ತಿ ತಿನ್ನುತ್ತದೆ, ಆ ಮನೆಯ ಊಟಕ್ಕೆ ಬೇಕಾದ ಪುಡಿಯನ್ನು ಮಾತ್ರ ದ್ರಾಕ್ಷಾಯಣಮ್ಮ ಒಳಗಿನ ಮಿಕ್ಸಿಯಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ಇದನ್ನೆಲ್ಲ ನೋಡಿಯೂ ನೋಡದವಳ ಹಾಗೆ ಇರುವುದನ್ನು ರೇವತಿ ಒಂಬತ್ತನೇ ಇಯತ್ತೆ ಬಿಟ್ಟ ವರ್ಷವೇ ಕಲಿತಿದ್ದಳು. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಹೇಳುವುದಕ್ಕೆ ಬೇಕು.

ಹೋದ ಸಲ ಹರಿಹರಕ್ಕೆ ಬಂದಾಗಲೂ ಅವಳು ನೋಡಿದ್ದಳು. ಅಂಗಡಿಗಳಿಗೆ ಪಾಕೀಟು ಕೊಟ್ಟು ಕೊನೆಗೆ ಗುಡಿಯ ಹಿಂದಿನ ಓಣಿಯಲ್ಲಿ ಆಶಾರಾಣಿಯ ಮನೆಗೆ ಬಂದಿದ್ದಳು. ಆಶಾರಾಣಿ ದ್ರಾಕ್ಷಾಯಣಮ್ಮನ ತವರಿನ ಕಡೆಯಿಂದ ಏನೋ ಆಗಬೇಕು. ಆ ಹೊತ್ತು ಹೊಸ್ತಿಲ ಮೇಲೆ ಕೂತು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಸೂಜಿ ನಿಲ್ಲಿಸದೆ, ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದ್ದಳು: ಮಗಳು ಅಂಕಿತಾಗೆ ಶಾಲೆಯಲ್ಲಿ ಮೊಟ್ಟೆಯ ಬದಲು ಶೇಂಗಾ ಚಿಕ್ಕಿ ಕೊಟ್ಟಿದ್ದರು. ಮಗು ಅರ್ಧ ತಿಂದಿತ್ತು. ಮನೆಗೆ ಬರುವಷ್ಟರಲ್ಲಿ ತುಟಿ ಬಾತು, ಕಣ್ಣು ಮುಚ್ಚಿಹೋಗಿ, ಉಸಿರು ಒಳಗೆ ಹೋಗದೆ ಎದೆ ಗೂಡು ಮಾತ್ರ ಏಳುತ್ತಿತ್ತು. ‘ದಾವಣಗೆರೆ ಮುಟ್ಟಾ ತನಕ ಮಗಾ ಇರ್ತೈತೋ ಇಲ್ಲೋ ಅಂತ ಇದ್ದೆ. ಡಾಕ್ಟ್ರು ಹೇಳಿದ್ರು, ಒಂದ್ ಕಣ ಸೋಕಿದ್ರೂ ಬ್ಯಾಡ, ಮುಂದಿನ ಸಲ ಇದಕ್ಕಿಂತ ಜೋರ್ ಆಗಬೌದು ಅಂತ. ಅವತ್ತಿಂದ ಮನ್ಯಾಗ ಶೇಂಗಾ ಎಣ್ಣಿ ಸಹಿತ ಇಲ್ಲ. ನಿಮ್ ಪುಡಿ ಒಂದೇ ನೋಡು, ನಾ ಧೈರ್ಯದಿಂದ ಹಾಕೋದು. ಬರ್ದೈತಲ್ಲ ಅದ್ರ ಮ್ಯಾಲೆ.’ ಆಗ ಮಗು ಬಾಗಿಲಿಗೆ ಬಂದು ನಿಂತು ಕುತ್ತಿಗೆ ಕೆರೆದುಕೊಂಡಿತು. ಫ್ರಾಕಿನ ಅಂಚಿನ ಒಳಗೆ, ಕಿವಿಯ ಹಿಂದೆ, ಕೆಂಪು ದದ್ದುಗಳು. ರೇವತಿ ನೋಡಿದಳು. ‘ಬರ್ತೀನ್ರಿ’ ಎಂದು ಎದ್ದು ಬಂದಳು. ಅವತ್ತಿನಿಂದ ಊಟಕ್ಕೆ ಕೂತಾಗಲೆಲ್ಲ ಎಲ್ಲೋ ಒಂದು ಮಗು ಕುತ್ತಿಗೆ ಕೆರೆದುಕೊಳ್ಳುತ್ತಿತ್ತು.

ಹರಿಹರದಲ್ಲಿ ಇಳಿದು ಅವಳು ಅಂಗಡಿಗಳ ಕಡೆ ತಿರುಗಲಿಲ್ಲ. ಆಶಾರಾಣಿಗೆ ‘ಈ ಸಲ ಅಗಸೆ ಪುಡಿ ಆಗಿಲ್ಲರಿ’ ಎಂದು ಹೇಳಿ ಬಂದುಬಿಡುವುದು ಎಂದು ದಾರಿಯಲ್ಲಿ ನಿಶ್ಚಯ ಮಾಡಿಕೊಂಡಿದ್ದಳು. ಸುಳ್ಳಾದರೂ ಸಣ್ಣ ಸುಳ್ಳು, ಯಾರಿಗೂ ನೋವಿಲ್ಲ. ಮುಂದಿನ ಸಲ ಏನು ಹೇಳುವುದು ಎಂಬುದನ್ನು ಮುಂದಿನ ಸಲ ನೋಡಿದರಾಯಿತು. ಹೊಳೆಯ ಕಡೆಯಿಂದ ಬಿಸಿ ಗಾಳಿ ಬರುತ್ತಿತ್ತು. ಆ ಮಾತನ್ನು ಬಾಯಲ್ಲೇ ಹೇಳಿಕೊಳ್ಳುತ್ತ, ಹೇಳಿಕೊಳ್ಳುತ್ತ ಓಣಿಗೆ ಬಂದರೆ ಆಶಾರಾಣಿ ಬಾಗಿಲಲ್ಲೇ ನಿಂತಿದ್ದಳು. ‘ಬಾ ಬಾ. ಈಗ ಫೋನ್ ಮಾಡಿದ್ರು ದ್ರಾಕ್ಷಾಯಣಮ್ಮಾರು, ಬಿಸಿಬಿಸಿ ಪುಡಿ ಕಳ್ಸೀನಿ ಅಂತ. ಇಕಿ ನೋಡು, ಶನಿವಾರದ ಮುಂಜಾನಿ ಶಾಲಿ ಮುಗಿಸ್ಕಂಡು ಬಂದಾಗಿಂದ ಪುಡಿ ಬಂತಾ, ಪುಡಿ ಬಂತಾ ಅಂತ ನನ್ ತಲಿ ತಿನ್ತಾಳೆ. ಅಲ್ಲೇ ಯಾಕ ನಿಂತಿ ಪೋಸ್ಟ್‌ಮನ್ ಹಂಗೆ? ಒಳಗ್ ಬಾ.’ ರೇವತಿ ಹೊಸ್ತಿಲ ಹೊರಗೆ ನಿಂತಳು. ಆಶಾರಾಣಿ ಚೀಲಕ್ಕೆ ಕೈ ಹಾಕಿ ತಾನೇ ಒಂದು ಪಾಕೀಟು ತೆಗೆದುಕೊಂಡು ಒಳಗೆ ಹೋದಳು. ಅಂಕಿತಾ ಬಂದು ರೇವತಿಯ ಮುಖವನ್ನು ಕೆಳಗಿನಿಂದ ನೋಡಿ, ‘ಅಕ್ಕಾ, ನಮ್ ಮಿಸ್ಸು ನನ್ ಬಾಯಿಗೆ ಬೀಗ ಹಾಕ್ತೀನಿ ಅಂದ್ರು. ನಿಮ್ ಬಾಯಿಗೆ ಯಾರ್ ಹಾಕಿದ್ರು?’ ಎಂದಳು. ‘ಏ, ಸುಮ್ನಿರು’ ಎಂದು ತಾಯಿ ಒಳಗಿನಿಂದ ನಕ್ಕಳು. ದದ್ದು ಈಗ ಗಲ್ಲದ ಕೆಳಗೂ ಬಂದಿತ್ತು. ಅದರ ಮೇಲೆ ಬಿಳೀ ಪೌಡರ್ ಬಳಿದಿತ್ತು.

ಹೊಸ್ತಿಲ ಒಳಗೇ ಕೂತ ಮಗುವಿನ ಮುಂದೆ ತಾಟಿನಲ್ಲಿ ಬಿಸಿ ಅನ್ನ ಬಂತು. ಆಶಾರಾಣಿ ನಡುವೆ ಗುಣಿ ಮಾಡಿ ತುಪ್ಪ ಹಾಕಿದಳು. ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಹಸಿರು ಚೀಟಿ ಅರ್ಧವಾಗಿ, ‘ಶೇಂಗಾ’ ಒಂದು ಕಡೆ, ‘ಇಲ್ಲ’ ಇನ್ನೊಂದು ಕಡೆ ಹೋಯಿತು. ಪುಡಿ ತುಪ್ಪದ ಮೇಲೆ ಬಿದ್ದು ಕಪ್ಪಾಯಿತು. ಎಲ್ಲವೂ ಬಹಳ ನಿಧಾನವಾಗಿ ಆಗುತ್ತಿದೆ, ತನಗೆ ಬೇಕಾದಷ್ಟು ಹೊತ್ತಿದೆ ಎಂದು ರೇವತಿಗೆ ಅನ್ನಿಸಿತು. ಅಷ್ಟು ಹೊತ್ತಿದ್ದರೂ ಮಾತು ಬರಲಿಲ್ಲ. ಬಂದದ್ದು ಬೇರೆಯೇ ಒಂದು ಯೋಚನೆ. ಇವರೂ ದ್ರಾಕ್ಷಾಯಣಮ್ಮನ ಕಡೆಯವರು. ತಾನು ಮುಟ್ಟಿದರೆ ಸಾಕು, ಏನೂ ಹೇಳಬೇಕಾಗಿಲ್ಲ. ಅನ್ನ ಚೆಲ್ಲುತ್ತಾರೆ, ತಾಟು ತೊಳೆಯುತ್ತಾರೆ, ಬೈದರೆ ಬೈಯುತ್ತಾರೆ. ಬೈಸಿಕೊಳ್ಳುವುದು ಅವಳಿಗೆ ಬರುತ್ತಿತ್ತು. ಇಷ್ಟು ವರ್ಷ ಯಾವ ಕೈಯನ್ನು ಹಿಂದಕ್ಕೆ ಎಳೆದುಕೊಂಡೇ ಬದುಕಿದ್ದಳೋ ಆ ಕೈಯನ್ನು ಮುಂದೆ ಚಾಚಿ, ಹೊಸ್ತಿಲು ದಾಟಿ, ಬಗ್ಗಿ, ಮಗುವಿನ ತಾಟಿನ ಅನ್ನದೊಳಕ್ಕೆ ಬೆರಳು ಇಟ್ಟಳು. ಅನ್ನ ಸುಡುತ್ತಿತ್ತು.

ಆಶಾರಾಣಿಯ ಕೈ ನಿಂತಿತು. ಅವಳು ರೇವತಿಯ ಬೆರಳನ್ನು ನೋಡಿದಳು, ಮುಖವನ್ನು ನೋಡಿದಳು. ಆಮೇಲೆ ಮೆಲ್ಲಗೆ, ‘ಹಸಿವಾಗೈತೇನವ್ವಾ?’ ಎಂದಳು. ‘ಬಾಯಿ ಬಿಟ್ಟು ಹೇಳಬಾರ್ದೇನು? ಬಾ, ಕೂಡು. ಇದ್ರಾಗೇ ಉಣ್ರಿ ಇಬ್ರೂ, ಇನ್ನೊಂದಿಷ್ಟ್ ಅನ್ನ ಹಾಕ್ತೀನಿ. ನಮ್ ಮನ್ಯಾಗ ಅದೆಲ್ಲ ಇಲ್ಲ, ಹೆದರಬ್ಯಾಡ.’

ಆ ಮಾತನ್ನು ಬೇರೆ ಯಾವ ದಿನ ಯಾರಾದರೂ ಹೇಳಿದ್ದರೆ ರೇವತಿ ಆನಗೋಡಿನ ತನಕ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಈಗ ಅದು ಅವಳು ಅಡಗಿಕೊಂಡಿದ್ದ ಒಂದೇ ಮರೆಯನ್ನು ಕಿತ್ತುಬಿಟ್ಟಿತು. ಆಶಾರಾಣಿ ಅವಳ ಬೆರಳಿನ ಪಕ್ಕದಲ್ಲೇ ತುತ್ತು ಕಲಸಿ, ಉಂಡೆ ಮಾಡಿ, ಮಗುವಿನ ಕಡೆ ಎತ್ತಿದಳು. ಮಗು ಬಾಯಿ ತೆರೆಯಿತು.

‘ಬ್ಯಾಡ್ರಿ. ಅದ್ರಾಗ ಶೇಂಗಾ ಐತೆ.’

ಅಷ್ಟು ದೊಡ್ಡ ದನಿ ತನ್ನದು ಎಂದು ಅವಳಿಗೆ ಗೊತ್ತಿರಲಿಲ್ಲ. ಓಣಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ನೋಡಿ ಮುಂದೆ ಹೋದರು. ತುತ್ತು ತಾಟಿಗೆ ಬಿತ್ತು.

‘ಪಾಕೀಟಿನ ಮ್ಯಾಲೆ ಇಲ್ಲ ಅಂತ ಬರ್ದೈತಲ್ಲ?’

‘ನಾನೇ ಅಂಟಿಸ್ತೀನ್ರಿ ಅದನ್ನ.’ ಆಮೇಲೆ ಮಾತು ತಾನಾಗಿ ಬಂತು, ತುಂಡು ತುಂಡಾಗಿ: ಒಂದೇ ಮಷಿನ್, ಮೊದಲು ಶೇಂಗಾ ಪುಡಿ, ಬಾಯಿ ಮುಕ್ಕಳಿಸುವ ಪುಟಾಣಿ, ಅದನ್ನು ಚೆಲ್ಲುವುದಿಲ್ಲ.

‘ಹೋದ್ ಸಲಾನೂ?’

‘ಹೂನ್ರಿ. ಯಾವಾಗ್ಲೂ.’

‘ನಿನಗ್ ಗೊತ್ತಿತ್ತು?’

‘ಹೋದ್ ಸಲ ನೀವು ಚಿಕ್ಕಿ ಮಾತು ಹೇಳಿದಾಗ ಗೊತ್ತಾತ್ರಿ.’

‘ಆವತ್ತೇ ಹೇಳಬೇಕಿತ್ತಲ್ಲೇ.’ ಆಶಾರಾಣಿ ಕೂಗಲಿಲ್ಲ. ಮಗುವನ್ನು ಎಳೆದುಕೊಂಡು, ಗಲ್ಲ ಎತ್ತಿ ಹಿಡಿದು, ಸೆರಗಿನಿಂದ ಪೌಡರ್ ಒರೆಸಿ, ಕೆಳಗಿದ್ದ ದದ್ದುಗಳನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ‘ಬೆವರುಸಾಲಿ ಅನ್ಕಂಡಿದ್ದೆ’ ಎಂದಳು, ಯಾರಿಗೂ ಅಲ್ಲದ ಹಾಗೆ. ‘ಸೋಪ್ ಬದಲಿ ಮಾಡಿದೆ. ಪೌಡರ್ ಹಚ್ಚಿದೆ. ನನ್ ಕೈಯಾರೆ ತುತ್ ಮಾಡಿ ಹಾಕಿದೆ.’ ಅಂಕಿತಾಗೆ ಏನೂ ಅರ್ಥವಾಗಿರಲಿಲ್ಲ. ಅಳುವ ಮುಖದ ರೇವತಿಯನ್ನು ಕಂಡು ಪಾಪ ಅನ್ನಿಸಿರಬೇಕು, ಬಂದು ಅವಳ ಕೈ ಹಿಡಿಯಲು ಹೋದಳು.

‘ಮುಟ್ಟಬ್ಯಾಡ ಅಕ್ಕನ್ನ’ ಎಂದಳು ಆಶಾರಾಣಿ.

ರೇವತಿ ಕೈ ಹಿಂದಕ್ಕೆ ತೆಗೆದುಕೊಂಡಳು. ಈ ಮಾತು ಅವಳಿಗೆ ಹೊಸದಲ್ಲ. ಚಿಕ್ಕವಳಿದ್ದಾಗಿನಿಂದ, ಬೇರೆ ಬೇರೆ ದನಿಗಳಲ್ಲಿ, ನಗುತ್ತ ಹೇಳಿದ್ದು, ಕಣ್ಣಿನಲ್ಲೇ ಹೇಳಿದ್ದು. ಪ್ರತಿ ಸಲವೂ ತನ್ನ ಕೈಯಲ್ಲಿ ಅಂಥದ್ದೇನಿದೆ ಎಂದು ರಾತ್ರಿ ಮಲಗಿ ಅದನ್ನು ತಿರುಗಿಸಿ ನೋಡಿಕೊಂಡಿದ್ದಳು, ಏನೂ ಇರುತ್ತಿರಲಿಲ್ಲ. ಇವತ್ತು ಇತ್ತು. ಆದ್ದರಿಂದಲೋ ಏನೋ, ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದ ಈ ಸಲದ ಮಾತು ಅವಳಿಗೆ ಚುಚ್ಚಲಿಲ್ಲ. ಆಶಾರಾಣಿ ತಾಟನ್ನು ಹೊರಗಿಟ್ಟು, ತನ್ನ ಕೈ ತೊಳೆದುಕೊಂಡು, ಮಗುವನ್ನು ಕೋಣೆಗೆ ಕಳಿಸಿ, ಒಂದು ತಂಬಿಗೆ ನೀರು, ಸೋಪು ತಂದಳು. ‘ಚಾಚು’ ಎಂದಳು. ರೇವತಿ ಅಂಗಳದ ಬಚ್ಚಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಚಾಚಿದಳು. ಆಶಾರಾಣಿ ನೀರು ಹಾಕಿದಳು. ‘ಉಗುರಿನ ಸಂದಿ ತಿಕ್ಕು. ಇನ್ನೊಂದ್ ಸಲ.’ ದನಿಯಲ್ಲಿ ಸಿಟ್ಟಿತ್ತು, ನೀರು ಮಾತ್ರ ನಿಧಾನವಾಗಿ, ಕೈಯ ಹತ್ತಿರದಲ್ಲೇ ಬೀಳುತ್ತಿತ್ತು. ತಂಬಿಗೆಯ ತುಟಿ ಒಮ್ಮೆ ಅವಳ ಮಣಿಕಟ್ಟಿಗೆ ತಾಗಿತು. ಇಬ್ಬರೂ ಅದನ್ನು ಗಮನಿಸಿದ ಹಾಗೆ ತೋರಿಸಲಿಲ್ಲ.

‘ಫೋನ್ ಮಾಡಿ ಕೇಳ್ತೀನಿ ಅವ್ರನ್ನ’ ಎಂದಳು ಆಶಾರಾಣಿ.

‘ನಾ ಹೇಳ್ತೀನ್ರಿ.’

‘ನೀ ಹೇಳಿದ್ರೆ ನಿನ್ ಕೆಲ್ಸ ಇರ್ತೈತಾ?’

ರೇವತಿ ಕೈ ಕೊಡವಿಕೊಂಡು ಎದ್ದಳು. ಆಶಾರಾಣಿ ಖಾಲಿ ತಂಬಿಗೆಯನ್ನು ಕಲ್ಲಿನ ಮೇಲೆ ಇಟ್ಟಳು. ‘ಸೋಮಾರದ ತನಕ ನೋಡ್ತೀನಿ. ಆಮೇಲೆ ನಾ ಸುಮ್ನಿರಲ್ಲ. ಇಕಿ ಒಬ್ಬಾಕೀನಾ ಇರೋದು? ಇನ್ಯಾವ ತಾಯಿ ಆ ಚೀಟಿ ನೋಡಿ ಹಾಕ್ತಾಳೋ.’

ವಾಪಸು ಬಸ್ಸಿನಲ್ಲಿ ಕಂಡಕ್ಟರ್ ಕೇಳಿದಾಗ ದಾವಣಗೆರೆ ಎಂದಳು, ಒಂದೇ ಸಲಕ್ಕೆ ಕೇಳಿಸಿತು. ಚೀಲದಲ್ಲಿ ಒಂದು ಪಾಕೀಟು ಮಾತ್ರ ಕಡಿಮೆ. ದ್ರಾಕ್ಷಾಯಣಮ್ಮನಿಗೆ ಹೇಗೆ ಹೇಳುವುದು ಎಂದು ಮಾತು ಜೋಡಿಸುತ್ತ ಹೋದಳು. ಡಾಕ್ಟರು ಹೇಳಿದ್ದಾರೆ ಅಂದರೆ, ಡಾಕ್ಟರು ಏನೇನೋ ಹೇಳ್ತಾರೆ ಎನ್ನುತ್ತಾರೆ. ಮಗುವಿಗೆ ದದ್ದು ಎದ್ದಿದೆ ಅಂದರೆ, ಬೇಸಿಗೆಯಲ್ಲಿ ಯಾರಿಗೆ ಏಳಲ್ಲ ಎನ್ನುತ್ತಾರೆ. ಕಣ ಸೋಕಿದರೂ ಎಂದರೆ, ಒಂದ್ ಹಿಡಿ, ಅದ್ರಾಗ ಏನ್ ಐತೆ. ಅವರಿಗೆ ತಿಳಿಯುವ ಮಾತು ಒಂದೇ ಇತ್ತು. ಅದು ಬೆಳಗ್ಗೆಯಿಂದ ಅವಳ ಹತ್ತಿರವೇ ಇತ್ತು. ಅದನ್ನು ಎತ್ತಿದರೆ ಬೇರೆ ಎಲ್ಲವೂ ಜೊತೆಗೆ ಎದ್ದು ಬರುತ್ತದೆ ಎಂದು ಹೆದರಿ ದೊಡ್ಡಬಾತಿಯ ತನಕ ಅದನ್ನು ಬಿಟ್ಟು ಬೇರೆ ಮಾತು ಹುಡುಕಿದಳು. ಸಿಗಲಿಲ್ಲ.

ಹಿತ್ತಿಲ ಬಾಗಿಲಿಂದ ಒಳಗೆ ಬಂದಾಗ ದ್ರಾಕ್ಷಾಯಣಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅಗಸೆ ಆರಿಸುತ್ತಿದ್ದರು. ‘ಇಷ್ಟ್ ಲಗೂನ ಬಂದ್ಯಾ? ಬಿಸಿಲಾಗ ಮುಖ ಹೆಂಗ್ ಆಗೈತೆ ನೋಡು. ಚಾ ಮುಚ್ಚಿಟ್ಟೀನಿ, ಕುಡಿ ಮೊದ್ಲು. ಯಾಕವ್ವಾ, ಚೀಲ ಹಂಗೇ ಐತಲ್ಲ?’ ಕಿಟಕಿಯ ಕಟ್ಟೆಯ ಮೇಲೆ ಅವಳ ಲೋಟ, ಮೇಲೊಂದು ಬಸಿ. ರೇವತಿ ಚೀಲ ಕೆಳಗಿಟ್ಟು, ಬಸಿ ತೆಗೆದು, ಲೋಟ ಎತ್ತಿಕೊಂಡಳು. ಯಾವಾಗಲೂ ಕೂರುವ ಕಲ್ಲಿನ ಕಡೆ ಹೋಗದೆ ಮೆಟ್ಟಿಲ ತನಕ ಬಂದಳು. ಬಾಗಿಲ ಒಳಗಿನ ಹಲಗೆಯ ಮೇಲೆ ಒಳಗಿನ ಲೋಟಗಳು ಬೋರಲು ಬಿದ್ದು ಹೊಳೆಯುತ್ತಿದ್ದವು.

‘ಅಮ್ಮಾರೆ, ಇದನ್ನ ಅವಕ್ಕೆ ಮುಟ್ಟಿಸ್ಲೇನ್ರಿ?’

ಮೊರದಲ್ಲಿ ಕೈ ನಿಂತಿತು. ‘ಏನಾತೇ ನಿನಗೆ?’

‘ಬ್ಯಾಡ ಅಲ್ಲೇನ್ರಿ? ಒಂದ್ ಸಲ ಸೋಕಿದ್ರೆ ಏನ್ ಅಂತ ನಿಮಗ್ ಗೊತ್ತೈತೆ.’ ದನಿ ನಡುಗುತ್ತಿತ್ತು, ಆದರೂ ಕೇಳಿಸುತ್ತಿತ್ತು. ‘ಆಶಾರಾಣಕ್ಕಾರ ಮಗಳಿಗೆ ಶೇಂಗಾ ಹಂಗೇರಿ. ಆ ಒಂದ್ ಹಿಡಿ ಹಂಗೇರಿ. ಮಗಾ ಸಾಯ್ತೈತ್ರಿ. ಆ ಚೀಟಿ ನಾ ಇನ್ ಅಂಟ್ಸಲ್ಲ.’

ದ್ರಾಕ್ಷಾಯಣಮ್ಮ ಅವಳ ಮುಖ ನೋಡಲಿಲ್ಲ. ಚೀಲ ನೋಡಿದರು, ಅದರ ಬಾಯಿಂದ ಇಣುಕುತ್ತಿದ್ದ ಹಸಿರು ಚೀಟಿಗಳನ್ನು ನೋಡಿದರು. ಆಮೇಲೆ ಬೆಳಗ್ಗೆ ಆ ಪುಡಿ ಕಲಸಿದ ತಮ್ಮ ಕೈಯನ್ನು, ಅಂಗೈ ಮೇಲೆ ಮಾಡಿ, ಬಹಳ ಹೊತ್ತು ನೋಡಿದರು. ಅವರು ಏನು ಹೇಳುತ್ತಾರೋ ರೇವತಿಗೆ ತಿಳಿಯಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತ್ತು. ‘ಲೋಟ ಅಲ್ಲಿಡವ್ವಾ’ ಎಂದರು ಕೊನೆಗೆ, ಅಭ್ಯಾಸದಿಂದ, ಕಟ್ಟೆಯ ಕಡೆ ಗಲ್ಲ ತೋರಿಸಿ.

ರೇವತಿ ಲೋಟ ಇಡಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಹತ್ತಿರವೇ ನಿಂತಳು, ಅವರು ಇನ್ನೂ ಏನಾದರೂ ಹೇಳಲಿ ಎಂದು.